ಬಣ್ಣದ ಹಕ್ಕಿ ಬೇರೆ, ಬಣ್ಣ ಬಳಿದ ಹಕ್ಕಿ ಬೇರೆ

ಮಾನ್ಯ ಸಂಪಾದಕರೇ,

ಬಣ್ಣದ ಹಕ್ಕಿಗಳ ಮಾರಾಟವನ್ನೇ ನಿಲ್ಲಿಸಬೇಕು ಎಂದು ಮೊನ್ನೆ ಈ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಹಕ್ಕಿಗೆ ಬಣ್ಣ ಬಳಿದು ಮಾರುವವರನ್ನು ಕಂಡು ಅವರಿಗೆ ಸಿಟ್ಟು ಬಂದಿದೆ. ನನಗೂ ಬರುತ್ತದೆ. ಆದರೆ ಮನೆಯಲ್ಲಿ ಫಿಂಚ್ ಎಂಬ ಪುಟ್ಟ ಹಕ್ಕಿ ಸಾಕಿ ಬೇರೆ ಬೇರೆ ಬಣ್ಣದ ಮರಿ ತೆಗೆಯುವವರನ್ನೂ ಅವರು ಅದೇ ಸಾಲಿಗೆ ಸೇರಿಸಿಬಿಟ್ಟರು. ನಾನು ಬ್ರಹ್ಮಪುರದಲ್ಲಿ ಬ್ಲೌಸ್ ಹೊಲಿಯುವವಳು. ಮಾಳಿಗೆ ಮೇಲೆ ಜೀಬ್ರಾ ಫಿಂಚ್ ಸಾಕಿದ್ದೇನೆ. ಸುಮ್ನೆ ಇರಲಾಗಲಿಲ್ಲ, ಬರೆಯುತ್ತಿದ್ದೇನೆ.

ಹಸಿರು, ಗುಲಾಬಿ ಬಳಿದು ಮಾರುವುದು ಹೆಚ್ಚಾಗಿ ನಮ್ಮ ಹೊಲದ ರಾಟವಾಳಗಳನ್ನು. ಪೇಟೆಯಲ್ಲಿ ಮುನಿಯಾ ಅನ್ನುತ್ತಾರೆ. ಜೋಳದ ಹೊಲದ ಬದುವಿನಲ್ಲಿ, ಜಾಲಿ ಗಿಡದಲ್ಲಿ ಗುಂಪಾಗಿ ಕೂರುವ ಹಕ್ಕಿ. ಬಲೆ ಹಾಕಿ ಹಿಡಿದು, ಬಣ್ಣ ಬಳಿದು, "ಫಾರಿನ್ ಹಕ್ಕಿ ರೀ ಅಕ್ಕಾವ್ರ" ಎಂದು ಕೈಗೆ ಕೊಡುತ್ತಾರೆ. ಅದು ಕೊಕ್ಕಿನಿಂದ ಗರಿ ತೀಡಿಕೊಂಡಾಗೆಲ್ಲ ಆ ಬಣ್ಣ ಹೊಟ್ಟೆಗೆ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಮಕ್ಕಳ ಹಟಕ್ಕೆ ಕೊಂಡು ತಂದವರೂ ಸಿಕ್ಕಿಬೀಳುತ್ತಾರೆ.

ಜೀಬ್ರಾ ಫಿಂಚ್ ಮೂಲ ಆಸ್ಟ್ರೇಲಿಯಾ. ಅಲ್ಲಿಯ ಕಾಡುಹಕ್ಕಿಗಳನ್ನು ಮಾರಾಟಕ್ಕೆ ಹೊರಗೆ ಕಳಿಸುವುದನ್ನು 1960ರಲ್ಲೇ ನಿಲ್ಲಿಸಿದ್ದಾರೆ. ಇಲ್ಲಿರುವವು ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದವು. ಮೂಲ ಬಣ್ಣ ಬೂದು. ಬಿಳಿ, ಮಚ್ಚೆ ಮಚ್ಚೆಯದು, ತಿಳಿ ಕಂದು ಬಣ್ಣದ ಫಾನ್ ಇವೆಲ್ಲ ಆಮೇಲೆ ಸಾಕುವವರ ಗೂಡುಗಳಲ್ಲಿ ಉಳಿದು ಬೆಳೆದವು. ಹಸಿರು, ನೀಲಿ, ಗುಲಾಬಿ ಮೈಯ ಜೀಬ್ರಾ ಫಿಂಚ್ ಇಲ್ಲವೇ ಇಲ್ಲ. ಯಾರಾದರೂ ತೋರಿಸಿದರೆ ಅದು ಡಬ್ಬಿಯ ಬಣ್ಣ.

ನಮ್ಮ ಬಣ್ಣಕ್ಕೆ ಬೇಕಾಗುವುದು ಲೆಕ್ಕ ಮತ್ತು ತಾಳ್ಮೆ. ಫಾನ್ ಗಂಡಿಗೆ ಬೂದು ಹೆಣ್ಣು ಜೋಡಿ ಮಾಡಿದರೆ ಹೆಣ್ಣುಮರಿಗಳೆಲ್ಲ ಫಾನ್, ಗಂಡುಮರಿಗಳೆಲ್ಲ ಬೂದು. ಪುಕ್ಕ ಬಂದ ಕೂಡಲೇ ಗಂಡು ಯಾವುದು, ಹೆಣ್ಣು ಯಾವುದು ಹೇಳಬಹುದು. ಆ ಬೂದು ಗಂಡು ಫಾನ್ ಗುಣವನ್ನು ಒಳಗೆ ಇಟ್ಟುಕೊಂಡಿರುತ್ತದೆ, ಮುಂದೆ ತನ್ನ ಮರಿಗೆ ಕೊಡುತ್ತದೆ. ಹೆಣ್ಣು ಈ ಗುಣವನ್ನು ಹಾಗೆ ಬಚ್ಚಿಡಲಾರದು, ಇದ್ದರೆ ಮೈಮೇಲೆ ಕಾಣಲೇಬೇಕು. ಬಿಳಿ ಬಣ್ಣದ ದಾರಿ ಬೇರೆ. ಅದು ಗಂಡಿನಲ್ಲೂ ಹೆಣ್ಣಿನಲ್ಲೂ ಅಡಗಿರಬಹುದು. ಎರಡು ಬೂದು ಹಕ್ಕಿಗೆ ಬಿಳಿ ಮರಿ ಹುಟ್ಟಿದಾಗ ನಮ್ಮ ಅತ್ತೆ ಬೆಕ್ಕಸಬೆರಗಾಗಿ ಓಣಿಯವರನ್ನೆಲ್ಲ ಕರೆದು ತೋರಿಸಿದ್ದರು.

ಇಷ್ಟು ಹೇಳಿ ನಮ್ಮವರದೆಲ್ಲ ಸರಿ ಅನ್ನಲಾರೆ. ತಲೆ ಮೇಲೆ ಜುಟ್ಟಿರುವ ಫಿಂಚ್ ನೋಡಿದ್ದೀರಲ್ವಾ? ನೋಡಲು ಚೆಂದ ಎಂದು ಎರಡೂ ಜುಟ್ಟಿನವನ್ನೇ ಜೋಡಿ ಮಾಡಿ ಮಾರುತ್ತಾರೆ. ಜುಟ್ಟಿನ ಗುಣ ಅಪ್ಪನಿಂದಲೂ ಅವ್ವನಿಂದಲೂ ಬಂದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ, ಸರಾಸರಿ ನಾಲ್ಕರಲ್ಲಿ ಒಂದು. ಒಂದು ಜುಟ್ಟಿನದು, ಒಂದು ಜುಟ್ಟಿಲ್ಲದ್ದು ಇಟ್ಟರೆ ಸಾಕು, ಸುಮಾರು ಅರ್ಧ ಮರಿಗಳಿಗೆ ಜುಟ್ಟು ಬಂದೇ ಬರುತ್ತದೆ. ಗೊತ್ತಿದ್ದೂ ಜುಟ್ಟಿನ ಜೋಡಿ ಮಾರುವವರ ಮೇಲೆ ಆ ಓದುಗರು ಬರೆದಿದ್ದರೆ ನಾನೂ ಸಹಿ ಹಾಕುತ್ತಿದ್ದೆ.

ಕಲಬುರಗಿ ಬಿಸಿಲಲ್ಲಿ ಪರದೇಶದ ಹಕ್ಕಿ ಸಾಕುವುದು ಹಿಂಸೆ ಎಂದೂ ಅವರು ಬರೆದಿದ್ದಾರೆ. ಇವು ಆಸ್ಟ್ರೇಲಿಯಾದ ಒಣ ಸೀಮೆಯವು, ನಮಗಿಂತ ಗಟ್ಟಿ. ಹಾಗಂತ ತಗಡಿನ ಕೆಳಗೆ ಇಡಬಾರದು. ನಾನು ಬೇಸಿಗೆಯಲ್ಲಿ ಒದ್ದೆ ಗೋಣಿತಾಟು ಕಟ್ಟುತ್ತೇನೆ, ಮೀಯಲು ಅಗಲ ತಾಟಿನಲ್ಲಿ ನೀರಿಡುತ್ತೇನೆ. ಏಪ್ರಿಲ್, ಮೇನಲ್ಲಿ ಮೊಟ್ಟೆ ಇಡದಂತೆ ಗೂಡಿಗೆ ಕಟ್ಟಿದ ಗಡಿಗೆಗಳನ್ನೇ ತೆಗೆದುಬಿಡುತ್ತೇನೆ.

ಎಲ್ಲವನ್ನೂ ನಿಲ್ಲಿಸುವ ಬದಲು ಉಂಗುರ ಕೇಳುವ ರೂಢಿ ಬರಲಿ. ಮರಿಗೆ ಹತ್ತು ದಿನ ತುಂಬುವ ಮೊದಲೇ ಕಾಲಿಗೆ ಸೀಳಿಲ್ಲದ ಮುಚ್ಚಿದ ಉಂಗುರ ಹಾಕಬೇಕು, ಬೆಳೆದ ಹಕ್ಕಿಯ ಪಾದ ಅದರಲ್ಲಿ ತೂರುವುದಿಲ್ಲ. ಬಲೆಯಲ್ಲಿ ಬಿದ್ದ ಹಕ್ಕಿಗೆ ಅಂಥ ಉಂಗುರ ಎಲ್ಲಿಂದ ಬರಬೇಕು? ನಮ್ಮಲ್ಲೂ ಬಹಳ ಜನ ಸೋಮಾರಿತನದಿಂದ ಹಾಕುವುದಿಲ್ಲ. ಕೊಳ್ಳುವವರು ಉಂಗುರ ನೋಡಲಿ, ಹಕ್ಕಿಯ ಅಪ್ಪ ಅವ್ವನ ಬಣ್ಣ ಕೇಳಲಿ. ಅರಣ್ಯ ಇಲಾಖೆಯವರು ಹಕ್ಕಿ ಮಾರುವ ಕಡೆ ಆಗಾಗ ಬಂದು, ಬಣ್ಣ ಬಳಿದ ಹಕ್ಕಿಗಳ ಪಂಜರಗಳನ್ನು ಮೊದಲು ಹಿಡಿಯಲಿ.

– ಹೊಲಿಗೆ ಕೆಲಸದವಳು, ಬ್ರಹ್ಮಪುರ, ಕಲಬುರಗಿ