ಏಕಾಂತ ಪ್ರಾರ್ಥನೆ ಬಿಡಬೇಡ ಮಗಳೇ

ಪ್ರೀತಿಯ ಪುಟ್ಟಿಗೆ,

ಯೇಸು ಸ್ವಾಮಿಯ ನಾಮದಲ್ಲಿ ದೊಡ್ಡಮ್ಮನ ಆಶೀರ್ವಾದ.

ಬೆಂಗಳೂರಿನ ಸಭೆಯಲ್ಲಿ ನೀನು ಯುವಜನರ ಪ್ರಾರ್ಥನಾ ಕೂಟ ನಡೆಸುತ್ತಿರುವುದು ಕೇಳಿ ತುಂಬಾ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ, "ಪಿಜಿ ರೂಮಲ್ಲಿ ಮೂರು ಜನ ಇದ್ದೀವಿ ದೊಡ್ಡಮ್ಮ, ಒಬ್ಬಳೇ ಕೂತು ಪ್ರಾರ್ಥನೆ ಮಾಡೋದು ನಿಂತೇ ಹೋಗಿದೆ" ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ಕೂಟದ ಪ್ರಾರ್ಥನೆ ಬೇಕೇ ಬೇಕು. ಆದರೆ ಹತ್ತು ಜನ ಕೇಳುತ್ತಿರುವಾಗ ನಾಲಿಗೆ ತಾನಾಗಿ ಒಳ್ಳೊಳ್ಳೆಯ ಮಾತು ಹುಡುಕುತ್ತದೆ. ಸ್ವಲ್ಪ ದಿನಕ್ಕೆ ಅದೇ ರೂಢಿಯಾಗಿ, ಮನಸ್ಸು ಎಲ್ಲೋ ಇದ್ದರೂ ಬಾಯಿ ಪ್ರಾರ್ಥಿಸುತ್ತಾ ಹೋಗುತ್ತದೆ. ಯಾರ ಮೇಲೆ ಹೊಟ್ಟೆಕಿಚ್ಚಿದೆ, ಯಾವುದಕ್ಕೆ ಹೆದರಿಕೆ, ಯಾವ ಪಾಪ ಬಿಡಲು ಆಗುತ್ತಿಲ್ಲ, ಇದನ್ನೆಲ್ಲ ಕೂಟದಲ್ಲಿ ಹೇಳೋಕಾಗುತ್ತಾ? ಸತ್ಯವೇದದ ಮತ್ತಾಯ 6ನೇ ಅಧ್ಯಾಯದಲ್ಲಿ ಸ್ವಾಮಿ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅಂದದ್ದು ಸುಮ್ನೆ ಅಲ್ಲ.

ಕೋಣೆಯೇ ಇಲ್ಲದಿದ್ದರೆ? ಮಾರ್ಕ 1 ಓದು. ಕಪೆರ್ನೌಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು. ಎಷ್ಟೋ ರೋಗಿಗಳನ್ನು ಸ್ವಾಮಿ ವಾಸಿಮಾಡಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯ ಸೀಮೋನ ಬಂದು ಕರೆಯಬೇಕಾಯಿತು. ಅಷ್ಟು ಜನ ಕಾದಿದ್ದರೂ ಆ ಹೊತ್ತನ್ನು ಅವರು ಬಿಡಲಿಲ್ಲ ನೋಡು.

1 ಸಮುವೇಲ 1ರಲ್ಲಿ, ಮಗು ಬೇಕೆಂದು ಅಳುತ್ತಾ ಪ್ರಾರ್ಥಿಸಿದ ಹನ್ನಳಿಗಂತೂ ಏಕಾಂತವೂ ಸಿಗಲಿಲ್ಲ. ಶೀಲೋವಿನ ಮಂದಿರದಲ್ಲಿ ಯಾಜಕ ಏಲಿ ಅಲ್ಲೇ ಕೂತಿದ್ದ. ಅವಳ ತುಟಿ ಮಾತ್ರ ಅಲುಗಾಡುತ್ತಿತ್ತು, ಧ್ವನಿ ಇಲ್ಲ. ಕುಡಿದಿದ್ದಾಳೆ ಅಂದುಕೊಂಡ ಅವನು! ದೇವರಿಗೆ ಮಾತ್ರ ಪೂರ್ತಿ ಕೇಳಿಸಿತು. ರೂಮಿನವರು ಮಲಗಿರುವಾಗ ಹೊದಿಕೆಯೊಳಗೇ ನೀನೂ ಹಾಗೆ ಪ್ರಾರ್ಥಿಸಬಹುದು.

ನಿನ್ನ ಮುತ್ತಜ್ಜ ಮಂಗಳೂರಿನ ಜೆಪ್ಪುವಿನಲ್ಲಿ, ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಚಿಕ್ಕ ಮನೆ, ತುಂಬಾ ಮಕ್ಕಳು. ಕೆಲಸಕ್ಕೆ ಹೊರಡುವ ಮುಂಚೆ ಬಾವಿಕಟ್ಟೆಯ ಹಿಂದೆ, ತೆಂಗಿನ ಮರದ ಬುಡದಲ್ಲಿ ಮೊಣಕಾಲೂರುತ್ತಿದ್ದರು. ಎದ್ದು ಬರುವಾಗ ಪಂಚೆಯ ಮೇಲೆ ಎರಡು ಕೆಂಪು ಮಣ್ಣಿನ ಗುರುತು ಇರುತ್ತಿತ್ತು. ಏನು ಕೇಳಿಕೊಂಡರು ಅಂತ ಮುತ್ತಜ್ಜಿಗೂ ಗೊತ್ತಿರಲಿಲ್ಲ.

ಮಾತೇ ಬರದ ದಿನಗಳೂ ಇರುತ್ತವೆ. ಆಗ ಎದ್ದು ಹೋಗಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಸ್ವಾಮಿ ಮೂರನೇ ಸಲವೂ ಮೊದಲು ಹೇಳಿದ್ದನ್ನೇ ಹೇಳಿ ಪ್ರಾರ್ಥಿಸಿದರು. 13ನೆಯ ಕೀರ್ತನೆ ತೆಗೆದು ಮೆಲ್ಲಗೆ ಓದು. ಇನ್ನೂ ಎಷ್ಟು ದಿನ ಅಂತ ದೇವರನ್ನೇ ನೇರ ಕೇಳುವ ಕೀರ್ತನೆ ಅದು. ನೀನೂ ಕೇಳು. ಸಿಟ್ಟಿದ್ದರೆ ಸಿಟ್ಟನ್ನೂ ಹೇಳು.

ಜಾಸ್ತಿ ಹೊತ್ತು ಬೇಡ, ಹತ್ತು ನಿಮಿಷದಿಂದ ಶುರು ಮಾಡು. ಟೆರೇಸಿನಲ್ಲಿ ಬಟ್ಟೆ ಒಣಹಾಕುವ ಕಡೆ ಬೆಳಿಗ್ಗೆ ಯಾರೂ ಬರುವುದಿಲ್ಲ ಅಂದಿದ್ದೆ ಅಲ್ವಾ, ಅಲ್ಲಿಗೆ ಹೋಗು. ಫೋನ್ ರೂಮಲ್ಲೇ ಇರಲಿ. ನಾನು ಕೊಟ್ಟ ಸತ್ಯವೇದ ತಗೊಂಡು ಹೋಗು.

ಭಾನುವಾರ ಮಾತಾಡುವಾಗ ಏನು ಪ್ರಾರ್ಥಿಸಿದೆ ಅಂತ ನಾನು ಕೇಳುವುದಿಲ್ಲ. ಅದು ನಿನಗೂ ನಿನ್ನ ಪರಲೋಕದ ತಂದೆಗೂ ಬಿಟ್ಟದ್ದು. ಬರುವ ವಾರ ದೊಡ್ಡಪ್ಪನ ಕಣ್ಣಿನ ಆಪರೇಷನ್ ಇದೆ. ಅವರ ಹೆಸರನ್ನೂ ದೇವರ ಮುಂದೆ ಇಡು.

ನಿನ್ನ ದೊಡ್ಡಮ್ಮ