ಲೀಗೋ ನಾಕೌಟೋ: ಲಿಮರಿಕ್‌ನಿಂದ ಚಿಕ್ಕಪ್ಪನಿಗೆ

ಲಿಮರಿಕ್, ಐರ್ಲೆಂಡ್

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಆರೋಗ್ಯ. ಇಲ್ಲೀಗ ಹರ್ಲಿಂಗ್ ಕಾಲ, ಬೀದಿ ತುಂಬ ಹಸಿರು ಬಾವುಟ. ಹಾಕಿಯ ಹಾಗೆ ಕೋಲಿನ ಆಟ, ಆದರೆ ಚೆಂಡನ್ನು ಗಾಳಿಯಲ್ಲೇ ಹೊಡೆಯುತ್ತಾರೆ, ಕೈಯಲ್ಲೂ ಹಿಡಿಯುತ್ತಾರೆ. ಆಟಗಾರರಿಗೆ ಸಂಬಳ ಇಲ್ಲ. ಮೇಷ್ಟ್ರು, ರೈತರು ಕೆಲಸ ಮುಗಿಸಿ ಬಂದು ತಮ್ಮ ಕೌಂಟಿಗಾಗಿ, ಅಂದರೆ ಜಿಲ್ಲೆಗಾಗಿ, ಆಡುತ್ತಾರೆ. ಆದರೂ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಫೈನಲ್ ನೋಡಲು 82 ಸಾವಿರ ಜನ ಸೇರುತ್ತಾರೆ.

ಕಬಡ್ಡಿ ಪಂದ್ಯಾವಳಿ ಲೀಗೋ ನಾಕೌಟೋ ಅಂತ ನಿಮ್ಮ ಕಮಿಟಿಯಲ್ಲಿ ಒಮ್ಮತ ಇಲ್ಲ ಅಂದಿದ್ದಿರಿ. ಇಲ್ಲೂ ಅದೇ ವಾದ.

ನಮ್ಮ ಮನ್‌ಸ್ಟರ್ ಪ್ರಾಂತ್ಯದ ಹರ್ಲಿಂಗ್‌ನಲ್ಲಿ ಮೊದಲು ನಾಕೌಟ್ ಇತ್ತು. 2018ರಿಂದ ಲಿಮರಿಕ್, ಕಾರ್ಕ್, ಕ್ಲೇರ್, ಟಿಪ್ಪರರಿ, ವಾಟರ್‌ಫರ್ಡ್ ನಡುವೆ ಲೀಗ್. ಪ್ರತಿ ತಂಡಕ್ಕೆ ನಾಲ್ಕು ಪಂದ್ಯ, ಅದರಲ್ಲಿ ಎರಡು ತವರಿನಲ್ಲಿ. ಮುಂದೆ ಹೋಗುವುದು ಮೂರೇ ತಂಡ. ಐದೂ ಹಳೇ ಎದುರಾಳಿಗಳು, ಬಲದಲ್ಲೂ ಹೆಚ್ಚು ಅಂತರ ಇಲ್ಲ. ಮೊದಲ ವರ್ಷವೇ ಟಿಪ್ಪರರಿಯಂಥ ದೊಡ್ಡ ತಂಡ ಹೊರಬಿತ್ತು. ಮೂರನೆಯದಾಗಿ ಬಂದ ನಮ್ಮ ಲಿಮರಿಕ್, 1973ರ ನಂತರ ಮೊದಲ ಸಲ ಆಲ್-ಐರ್ಲೆಂಡ್, ಅಂದರೆ ಇಡೀ ದೇಶದ ಪ್ರಶಸ್ತಿ, ಗೆದ್ದಿತು! ಆ ಮಾತು ಬಂದರೆ ಇಲ್ಲಿನ ಹಿರಿಯರ ಕಣ್ಣು ಈಗಲೂ ತೇವ ಆಗುತ್ತದೆ.

ಲೀಗ್ ಅಂದ ಮಾತ್ರಕ್ಕೆ ಜನ ಬರುತ್ತಾರೆ ಅಂದುಕೊಳ್ಳಬೇಡಿ. ಗೇಲಿಕ್ ಫುಟ್‌ಬಾಲ್ ನೋಡಿ, ಚೆಂಡನ್ನು ಕೈಯಲ್ಲೂ ಆಡುವ ಇಲ್ಲಿನ ಇನ್ನೊಂದು ಆಟ. 2023ರಲ್ಲಿ 16 ತಂಡಗಳನ್ನು ನಾಲ್ಕು ಗುಂಪು ಮಾಡಿದರು. ಪ್ರತಿ ಗುಂಪಿನ ನಾಲ್ಕರಲ್ಲಿ ಮೂರು ಮುಂದಕ್ಕೆ. ಅಂದರೆ ಬರೀ ನಾಲ್ಕು ತಂಡ ಹೊರಹಾಕಲು 24 ಪಂದ್ಯ! ಸೋತರೂ ಏನೂ ಹೋಗುವುದಿಲ್ಲ ಅಂದಮೇಲೆ ಭಾನುವಾರ ಅಷ್ಟು ದೂರ ಯಾರು ಹೋಗುತ್ತಾರೆ? ಕೊನೆಗೆ 2026ರಿಂದ ಆ ಪದ್ಧತಿ ಬೇಡ ಅಂತ ತೀರ್ಮಾನ ಆಯಿತು.

ಕೋವಿಡ್ ಕಾರಣಕ್ಕೆ 2020ರಲ್ಲಿ ಫುಟ್‌ಬಾಲ್ ಪೂರ್ತಿ ನಾಕೌಟ್ ಆಗಿತ್ತು. ಮೈದಾನ ಖಾಲಿ. ಆದರೂ ಒಂದೇ ದಿನ ಟಿಪ್ಪರರಿ 1935ರ ನಂತರ ಮೊದಲ ಸಲ ಮನ್‌ಸ್ಟರ್ ಪ್ರಶಸ್ತಿ ಗೆದ್ದಿತು, ಕ್ಯಾವನ್ ಕೌಂಟಿ 1997ರ ನಂತರ ಮೊದಲ ಸಲ ಅಲ್‌ಸ್ಟರ್ ಪ್ರಾಂತ್ಯದ ಪ್ರಶಸ್ತಿ ಗೆದ್ದಿತು. ಜನ ಇನ್ನೂ ಅದನ್ನು ಮರೆತಿಲ್ಲ. ಆದರೆ ಬರೀ ನಾಕೌಟ್ ಇಟ್ಟರೆ ವರ್ಷವಿಡೀ ಬೆವರು ಸುರಿಸಿದ ಹುಡುಗರು ಒಂದೇ ಮಧ್ಯಾಹ್ನಕ್ಕೆ ಮನೆಗೆ. ಅದು ನನಗೆ ಸರಿ ಅನಿಸುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಲೀಗ್ ಕಂ ನಾಕೌಟ್ ಇಡಿ. ಆದರೆ ಗುಂಪಿನ ನಾಲ್ಕರಲ್ಲಿ ಎರಡೇ ತಂಡ ಮುಂದೆ ಹೋಗಲಿ, ಮೂರು ಬೇಡ. ಸಣ್ಣ ಊರುಗಳ ತಂಡಗಳಿಗೆ ಬೇರೆ ಕಪ್ ಇಡಲು ಆಗುತ್ತಾ ನೋಡಿ. ಇಲ್ಲಿ ಫುಟ್‌ಬಾಲ್‌ನಲ್ಲಿ 2022ರಲ್ಲಿ ಕೆಳಗಿನ ಹಂತದ ಕೌಂಟಿಗಳಿಗೆ ಟಾಲ್ಟನ್ ಕಪ್ ಶುರು ಮಾಡಿದರು. ಮೊದಲ ಕಪ್ ವೆಸ್ಟ್‌ಮೀತ್‌ಗೆ. ಫೈನಲ್ ನಡೆದದ್ದು ಕ್ರೋಕ್ ಪಾರ್ಕ್‌ನಲ್ಲೇ. ಅಂಥ ಅವಕಾಶ ನಮ್ಮ ಪಕ್ಕದ ಹಳ್ಳಿ ಹುಡುಗರಿಗೂ ಸಿಗಲಿ, ಅಲ್ವಾ?

ಕಮಿಟಿ ಏನು ತೀರ್ಮಾನಿಸಿತು ಅಂತ ಬರೆಯಿರಿ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ,
ಸುಮಾ