ಆಗಸ್ಟ್ 15ರಂದು ಇವರನ್ನೂ ನೆನೆಯೋಣ

ಮಾನ್ಯರೇ,

ಆಗಸ್ಟ್ 15 ಅಂದ ಕೂಡಲೇ 1947 ನೆನಪಾಗುತ್ತದೆ. ಅದು ಸಹಜ. ಆದರೆ ಅದೇ ದಿನಕ್ಕೆ ಸೇರಿದ ಇನ್ನೂ ಕೆಲವರು ನಮ್ಮ ಗಮನಕ್ಕೇ ಬರುವುದಿಲ್ಲ.

ಮಹಾದೇವ ದೇಸಾಯಿ ಅವರನ್ನೇ ನೋಡಿ. 1917ರಿಂದ ಗಾಂಧೀಜಿಯ ಕಾರ್ಯದರ್ಶಿಯಾಗಿದ್ದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧನವಾದ ಒಂದೇ ವಾರದಲ್ಲಿ, 1942ರ ಆಗಸ್ಟ್ 15ರಂದು, ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲೇ ತೀರಿಕೊಂಡರು. ಆಗ ಅವರಿಗೆ ಬರೀ 50 ವರ್ಷ. ಸರಿಯಾಗಿ ಐದು ವರ್ಷಕ್ಕೆ ದೇಶ ಸ್ವತಂತ್ರವಾಯಿತು. ಆ ದಿನವನ್ನು ಅವರು ನೋಡಬೇಕಿತ್ತು, ಅಲ್ವಾ?

ಸಂಗೊಳ್ಳಿ ರಾಯಣ್ಣನ ಹುಟ್ಟಿದ ದಿನವೆಂದು ನಾವು ಆಚರಿಸುವುದೂ ಆಗಸ್ಟ್ 15ನ್ನೇ. ಬ್ರಿಟಿಷರು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಮುಂದೆ ಅದೇ ನಮ್ಮ ಗಣರಾಜ್ಯ ದಿನವಾಯಿತು. ಕಿತ್ತೂರಿನ ನಾಡಿನವರಿಗೆ ಇದು ಗೊತ್ತು, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಯೋಗಿ ಅರವಿಂದರು ಹುಟ್ಟಿದ್ದೂ 1872ರ ಆಗಸ್ಟ್ 15ರಂದೇ. ಸ್ವಾತಂತ್ರ್ಯ ಬಂದ ದಿನ ಅವರಿಗೆ 75 ತುಂಬಿತ್ತು.

ಪತ್ರಿಕೆಗಳ 'ಇತಿಹಾಸದಲ್ಲಿ ಈ ದಿನ' ಅಂಕಣದಲ್ಲಿ ಹೆಸರು, ಇಸವಿ ಮಾತ್ರ ಇದ್ದರೆ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಹತ್ತು ಹೆಸರು ಬೇಡ. ಒಬ್ಬರ ಬಗ್ಗೆಯೇ ಸ್ವಲ್ಪ ಜಾಸ್ತಿ ಬರೆಯಿರಿ. ಮುಂದಿನ ಆಗಸ್ಟ್ 15ಕ್ಕೆ ಮಹಾದೇವ ದೇಸಾಯಿ ಅವರಿಂದಲೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ